ಪತಲಾ ಮಾಲು

ಗದಿಗೆಪ್ಪನವರ ಬಾಯಲ್ಲಿ ‘ಪತಲಾ’ ಎಂಬ ಮಾತು ಬಂತೆಂದರೆ ಅದು ಬೈಗುಳವೆಂದೇ ತಿಳಿಯಬೇಕು. ಮದುವೆಯಾಗಿ ಮುಂಬಯಿಯ ಮುಲುಂಡಿಗೆ ಬಂದ ಹೊಸದರಲ್ಲಿ ಸೊಸೆ ಸ್ನೇಹಲ್‌ಗೆ ಇದು ಗೊತ್ತಿರಲಿಲ್ಲ. ಅದೇ ಮುಂಬಯಿಯ ಸಯನ್ನಿನಲ್ಲಿ ಹುಟ್ಟಿ, ಅಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು ಅವಳು. ಕನ್ನಡ ಮನೆಯೊಳಗಿನ ಮಾತು, ಹಿಂದಿ ಮೆಟ್ಟಿಲಿಳಿದ ಮೇಲಿನ ಮಾತು. ಹಿಂದಿಯ ಪತಲಾ ಎಂದರೆ ತೆಳ್ಳಗೆ, ಅಷ್ಟೇ. ಯಾರಾದರೂ ಅವಳಿಗೆ ಪತಲಿ ಆಗಿದ್ದೀ ಎಂದರೆ ಇಡೀ ದಿನ ಖುಷಿಯಲ್ಲಿರುತ್ತಿದ್ದಳು. ಹೀಗಾಗಿ, ಅವಳು ಮೊದಲ ಸಲ ಮಾಡಿದ ಬೇಳೆಯನ್ನು ಮಾವ ಸೌಟಿನಿಂದ ಎತ್ತಿ ಸುರಿದು “ಪತಲಾ ಐತಿ” ಎಂದಾಗ ನಕ್ಕುಬಿಟ್ಟಿದ್ದಳು. ಅತ್ತೆ ಸೋಮವ್ವ ಅವಳನ್ನು ಅಡುಗೆಮನೆಗೆ ಕರೆದು, ನಗಬಾರದವ್ವಾ, ನಿಮ್ಮ ಮಾವ ಈಗ ನಿನ್ನನ್ನು ಕಳ್ಳಿ ಅಂದಂತಾಯಿತು ಎಂದು ಪಿಸುಗುಟ್ಟಿದ್ದರು.

ಅದು ಗ್ರಿಲ್ಲಿನ ದಂಧೆಯ ಮಾತು. ಮೀಸೆ ಮೂಡುವ ವಯಸ್ಸಿನಲ್ಲಿ ಇಂಡಿ ತಾಲೂಕಿನಿಂದ ಗಾರೆ ಕೆಲಸದವರ ಗುಂಪಿನೊಡನೆ ಮುಂಬಯಿಗೆ ಬಂದ ಗದಿಗೆಪ್ಪನವರು ಮೊದಲು ಸಳಿ ಎನ್ನುವ ಕಬ್ಬಿಣದ ಸರಳು ಹೊತ್ತರು, ಆಮೇಲೆ ಸಳಿ ಕತ್ತರಿಸಿದರು, ಆಮೇಲೆ ವೆಲ್ಡಿಂಗ್ ಕಲಿತರು. ಕೊನೆಗೆ ಮುಲುಂಡಿನ ಒಂದು ಗಲ್ಲಿಯಲ್ಲಿ ತಮ್ಮದೇ ವರ್ಕ್‌ಶಾಪ್ ಹಾಕಿದರು. ಆ ಲೈನಿನಲ್ಲಿ ಮೋಸ ಮಾಡುವವರು ಹೇಳಿದ್ದಕ್ಕಿಂತ ತೆಳುವಾದ ಸಳಿ ಹಾಕಿ, ಮೇಲೆ ಎರಡು ಕೈ ಬಣ್ಣ ಬಳಿದು, ಗಿರಾಕಿಯ ಕಣ್ಣಿಗೆ ಮಣ್ಣೆರಚುತ್ತಾರೆ. ಅದಕ್ಕೆ ಪತಲಾ ಮಾಲು ಎನ್ನುವುದು. ತಾನು ಹುಟ್ಟಿದಾಗಿನಿಂದ ಪತಲಾ ಮಾಲು ಹಾಕಿದವನಲ್ಲ ಎಂಬ ಮಾತನ್ನು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿ ಕೇಳಿ ಸ್ನೇಹಲ್‌ಗೆ ಅದು ಫ್ಯಾನಿನ ಸದ್ದಿನಂತಾಗಿಬಿಟ್ಟಿತ್ತು.

ಮನೆಯ ಕಿಟಕಿಗೂ ಅವರದೇ ಗ್ರಿಲ್. ಗೋಡೆಯಿಂದ ಹೊರಗೆ ಪೆಟ್ಟಿಗೆಯಂತೆ ಚಾಚಿದ, ಕೈಬೆರಳಿನಷ್ಟು ದಪ್ಪ ಚೌಕ ಸಳಿಯ ಗ್ರಿಲ್. ಅದರೊಳಗೆ ಕರಿಬೇವಿನ ಕುಂಡ, ತುಳಸಿಯ ಕುಂಡ, ಒಂದು ಹಳೆಯ ಮಣೆ. ಆ ಮಣೆಯ ಮೇಲೆ ಮೊಮ್ಮಗಳು ದಾನೇಶ್ವರಿಯನ್ನು ಕೂರಿಸಿ ಪಾರಿವಾಳ ತೋರಿಸುವುದು ಅಜ್ಜನ ದಿನದ ಕೆಲಸ. ಹೆಸರನ್ನೂ ಅವರೇ ಹಟ ಹಿಡಿದು ಇಟ್ಟದ್ದು. ಸ್ನೇಹಲ್ ಅದನ್ನು ಕತ್ತರಿಸಿ ದಾನು ಮಾಡಿಕೊಂಡಿದ್ದಳು. ಇನ್ನೂ ಎರಡು ತುಂಬದ ಮಗು ನಾಲ್ಕನೇ ಮಾಳಿಗೆಯಲ್ಲಿ ಗಾಳಿಯಲ್ಲಿ ಕೂತಂತೆ ಕೂತಿರುವುದನ್ನು ನೋಡಿದಾಗಲೆಲ್ಲ ಅವಳು ಓಡಿಬಂದು ಅದರ ಅಂಗಿ ಹಿಡಿದುಕೊಳ್ಳುತ್ತಿದ್ದಳು. ಬೇಡ ಅಂದರೆ, ಆನೆ ಕೂತರೂ ಇದು ಬಗ್ಗುವುದಿಲ್ಲ ಎನ್ನುತ್ತಿದ್ದರು. ಬೆಂಕಿ ಬಿದ್ದರೆ ಹೊರಗೆ ಹೇಗೆ ಹೋಗೋದು ಎಂದು ಅವಳು ಕೇಳಿದರೆ, ಬೆಂಕಿ ಯಾಕೆ ಬೀಳುತ್ತದೆ ಎಂದು ಅವರ ಪ್ರಶ್ನೆ.

ಇಂಥ ಮನುಷ್ಯನಿಗೆ ಎದೆನೋವು ಬಂದದ್ದು ಹೋಳಿ ಕಳೆದ ವಾರ, ಸ್ಟೇಷನ್ನಿನ ಬ್ರಿಜ್ಜು ಹತ್ತುವಾಗ. ಪಿತ್ತ ಎಂದು ಸೋಡಾ ಕುಡಿದು ಮನೆಗೆ ಬಂದರು. ಮಗ ಈಶ್ವರ ಎತ್ತಿಕೊಂಡು ಹೋದಂತೆ ಆಸ್ಪತ್ರೆಗೆ ಕರೆದೊಯ್ದ. ಹೃದಯದ ಮುಂದಿನ ದೊಡ್ಡ ರಕ್ತನಾಳ ಮುಕ್ಕಾಲು ಮುಚ್ಚಿದೆ, ಸ್ಟೆಂಟ್ ಹಾಕಬೇಕು ಎಂದರು ಡಾಕ್ಟರ್ ರಾಧಿಕಾ. ಮರಾಠಿಯವರು, ತಾಳ್ಮೆಯವರು. ಸ್ಟೆಂಟ್ ಅಂದರೆ ತಂತಿಯ ಒಂದು ಜಾಳಿ ಕಾಕಾ, ನಾಳವನ್ನು ಒಳಗಿನಿಂದ ತೆರೆದು ಹಿಡಿಯುತ್ತದೆ ಎಂದು ಪ್ಲಾಸ್ಟಿಕ್ಕಿನ ಮಾದರಿಯೊಂದನ್ನು ಕೈಗೆ ಕೊಟ್ಟರು.

ಜಾಳಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಹಾಸಿಗೆಯಲ್ಲಿ ಎದ್ದು ಕೂತರು. ಎಷ್ಟು ಸೂತ್ ಎಂದು ಕೇಳಿದರು. ಸೂತ್ ಎಂದರೆ ಗ್ರಿಲ್ಲಿನವರು ಸಳಿಯ ದಪ್ಪ ಅಳೆಯುವ ಲೆಕ್ಕ. ಡಾಕ್ಟರಿಗೆ ನಗು. ಸೂತ್ ಎಲ್ಲಿಯದು ಕಾಕಾ, ಸುಮಾರು ಕೂದಲಿನಷ್ಟು ಎಂದು, ಬಿಡಿಸಿ ಹೇಳಿದರು. ಮೊದಲು ಉಕ್ಕಿನ ದಪ್ಪ ತಂತಿಯವು ಬರುತ್ತಿದ್ದವು. ದಪ್ಪ ತಂತಿ ರಕ್ತದ ಹರಿವಿಗೆ ಅಡ್ಡ ನಿಲ್ಲುತ್ತದೆ, ಅದರ ಹಿಂದೆ ರಕ್ತ ಸುಳಿ ತಿರುಗಿ ಹೆಪ್ಪುಗಟ್ಟುವ ಭಯ ಹೆಚ್ಚು, ನಾಳ ಮತ್ತೆ ಕಿರಿದಾಗುವುದೂ ಹೆಚ್ಚು. ಈಗಿನ ಲೋಹವೇ ಬೇರೆ, ತೆಳುವಾಗಿದ್ದರೂ ಗಟ್ಟಿ, ಮೇಲೆ ಔಷಧದ ಲೇಪ. ಅದಕ್ಕೇ ನಾನು ಪತಲಾದ್ದು ಹಾಕುತ್ತೇನೆ.

ಇದೆಲ್ಲ ಸ್ನೇಹಲ್ ಕೇಳಿಸಿಕೊಂಡದ್ದು. ಮಾವನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

ಸ್ಟೆಂಟ್ ಹಾಕಿ ಮನೆಗೆ ಕಳಿಸುವ ದಿನ ಡಾಕ್ಟರು ಗುಳಿಗೆಗಳನ್ನು ತೋರಿಸುತ್ತ, ಇವೆರಡನ್ನು ನಾನು ಹೇಳುವವರೆಗೆ ಒಂದು ದಿನವೂ ಬಿಡಬಾರದು ಎಂದು ಒತ್ತಿ ಹೇಳಿದರು. ಇವೆರಡರಲ್ಲಿ ಈ ಗುಲಾಬಿ ಬಣ್ಣದ್ದು ಏನು ಗೊತ್ತಾ ಕಾಕಾ, ಖೂನ್ ಪತಲಾ ಮಾಡುವ, ಅಂದರೆ ರಕ್ತ ತೆಳ್ಳಗೆ ಮಾಡುವ ಗೋಲಿ ಎಂದರು. ಮುಂಬಯಿಯಲ್ಲಿ ಎಲ್ಲ ಡಾಕ್ಟರೂ ಹಾಗೇ ಹೇಳುತ್ತಾರೆ, ಎಲ್ಲ ರೋಗಿಗಳೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅವರು ಯಾರೂ ಗ್ರಿಲ್ ಮಾಡಿದವರಲ್ಲ.

ಮರುದಿನದಿಂದಲೇ ಮನೆಯ ಹತ್ತಿರದ ಗಾರ್ಡನ್ನಿನ ಕಟ್ಟೆಯ ಮೇಲೆ ಮಾವನ ವರದಿ ಶುರುವಾಯಿತು. “ಎದಿಯೊಳಗ ಪತಲಾ ಮಾಲ್ ಹಾಕ್ಯಾರ. ಮ್ಯಾಲ ರಕ್ತಾನೂ ಪತಲಾ ಮಾಡಾಕತ್ತಾರ. ಮನ್ಯಾಗ ಸೊಸಿ ಬ್ಯಾಳಿನೂ ಪತಲಾ ಮಾಡ್ಯಾಳ. ಇನ್ನ ಉಳದದ್ದ ನಾ ಒಬ್ಬಾಂವ.” ಕಟ್ಟೆಯ ಮುದುಕರು ನಕ್ಕದ್ದು ಸ್ನೇಹಲ್‌ಗೆ ತರಕಾರಿ ತರುವಾಗ ಕೇಳಿಸಿತು. ಎಣ್ಣೆ, ಉಪ್ಪು ಕಡಿಮೆ ಮಾಡಿ, ಹೊಸ ಹೊಸ ಅಡುಗೆ ಕಲಿತು, ರಾತ್ರಿ ಮೊಬೈಲಿನಲ್ಲಿ ಹೃದಯದ ಬಗ್ಗೆ ಓದಿ ಓದಿ ತನ್ನ ಎದೆಯೇ ಹೊಡೆದುಕೊಳ್ಳುವಂತೆ ಮಾಡಿಕೊಂಡವಳಿಗೆ ಸಿಕ್ಕ ಬಹುಮಾನ ಇದು. ಅವಳು ಮಾವನಿಗೆ ಹಲವು ಸಲ ತಿಳಿಸಿ ಹೇಳಿದಳು. ಅವರು ಹೂಂ ಎಂದರು. ಮಾವನ ಹೂಂ ಎಂದರೆ ಮಾತು ಸಾಕು ಎಂದು ಅರ್ಥ, ಒಪ್ಪಿದೆ ಎಂದಲ್ಲ. ಇದನ್ನು ಗಂಡ ಮದುವೆಯ ಮೊದಲೇ ಹೇಳಬಹುದಿತ್ತು.

ಮೊದಮೊದಲು ಅವರ ಮುಂಗೈ ಮೇಲೆ ನೀಲಿ ಕಲೆಗಳು ಏಳುತ್ತಿದ್ದವು. ದಾನು ಹಿಡಿದು ಜಗ್ಗಿದರೂ ಸಾಕು, ಅಲ್ಲೊಂದು ಕಲೆ. ಹೆದರಿದ ಸ್ನೇಹಲ್ ಆಸ್ಪತ್ರೆಗೆ ಮೇಲಿಂದ ಮೇಲೆ ಫೋನ್ ಮಾಡಿ ಅಲ್ಲಿಯ ಸಿಸ್ಟರಿಗೆ ತನ್ನ ದನಿ ಪರಿಚಯವಾಗುವಂತೆ ಮಾಡಿದ್ದಳು. ಈ ಗುಳಿಗೆಗೆ ಸಣ್ಣ ಕಲೆ ಸಹಜ, ರಕ್ತ ನಿಲ್ಲದಿದ್ದರೆ, ಕಲೆ ದೊಡ್ಡದಾದರೆ ಕರೆತನ್ನಿ ಎಂದಿದ್ದರು. ಆಮೇಲೆ ಕಲೆಗಳು ತಾವಾಗಿ ಮಾಯವಾದವು. ಮೈ ಹೊಂದಿಕೊಂಡಿತು ಎಂದು ಅವಳು ಬಸವಣ್ಣನ ಫೋಟೋದ ಮುಂದೆ ಊದಿನಕಡ್ಡಿ ಹಚ್ಚಿದಳು.

ಜೂನಿನ ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಅದು. ಈಶ್ವರ ಕಾಂದಿವಲಿಯ ಫ್ಯಾಕ್ಟರಿಗೆ ಮೊದಲ ಪಾಳಿಗೆ ಹೋಗಿದ್ದ. ಸ್ನೇಹಲ್ ಕುಕ್ಕರ್ ಇಳಿಸುತ್ತಿರುವಾಗ ದಾನು ಕಿಟಕಿಯ ಕಡೆಯಿಂದ ಬಂದಳು. ಕೈಯೆಲ್ಲ ಹಸಿ ಮಣ್ಣು, ಒಂದು ಕೆನ್ನೆ ಉಬ್ಬಿತ್ತು. ತಾಯಿಗೆ ಯೋಚಿಸಲು ಪುರಸೊತ್ತಿರಲಿಲ್ಲ. ಬಾಯಿಗೆ ಬೆರಳು ಹಾಕಿ ಎಳೆದಳು. ಮಣ್ಣು ಬಂತು, ಅದರ ಜೊತೆಗೆ ಅಂಚು ಕರಗಿದ ಒಂದು ಗುಲಾಬಿ ಗುಳಿಗೆ.

ಮಗುವಿನ ಬಾಯಿ ತೊಳೆದು, ಮತ್ತೆ ತೊಳೆದು, ಅದನ್ನು ಸೊಂಟಕ್ಕೆ ಹಾಕಿಕೊಂಡೇ ಅವಳು ಕಿಟಕಿಗೆ ಓಡಿದಳು. ಕರಿಬೇವಿನ ಕುಂಡದ ಮಣ್ಣು ಕೆದರಿತ್ತು. ಬೆರಳು ಹಾಕಿದಲ್ಲೆಲ್ಲ ಗುಳಿಗೆ. ಕೆಲವು ಬಣ್ಣ ಬಿಟ್ಟು ಬೆಳ್ಳಗಾಗಿದ್ದವು. ದಿನಾ ಬೆಳಿಗ್ಗೆ ಗುಳಿಗೆಗಳನ್ನು ಮಾವನ ಅಂಗೈಗೆ ಹಾಕಿ, ನೀರು ಕೊಟ್ಟು, ದಾನು ಹಾಲು ಚೆಲ್ಲುವ ಮೊದಲು ಅವಳು ಆ ಕಡೆ ತಿರುಗುತ್ತಿದ್ದಳು. ಆ ಒಂದು ತಿರುವಿನಲ್ಲಿ ಇಷ್ಟೆಲ್ಲ ನಡೆದಿದೆ. ಮುಂಗೈ ಮೇಲಿನ ಕಲೆಗಳು ಯಾಕೆ ಹೋದವು ಎಂಬುದೂ ಆಗಲೇ ಹೊಳೆಯಿತು. ಊದಿನಕಡ್ಡಿ ಹಚ್ಚಿದ್ದು ನೆನಪಾಗಿ ಮೈ ಉರಿಯಿತು.

ಮಾವ ಟಿವಿಯಲ್ಲಿ ಮಳೆಯ ಸುದ್ದಿ ನೋಡುತ್ತ ಕೂತಿದ್ದರು. ಎಷ್ಟು ದಿನದಿಂದ ಎಂದು ಅವಳು ಕೇಳಿದಳು. ಅವರು ಟಿವಿಯ ಸದ್ದು ಹೆಚ್ಚು ಮಾಡಿದರು. ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯಿಂದ. ಎರಡು ಐತವಾರದ ಹಿಂದೆ ಗಡ್ಡ ಮಾಡಿಕೊಳ್ಳುವಾಗ ಬ್ಲೇಡು ತಾಗಿ, ಟವೆಲ್ಲು ಒತ್ತಿ ಹಿಡಿದರೂ ರಕ್ತ ಬೇಗ ನಿಲ್ಲಲಿಲ್ಲವಂತೆ. ರಕ್ತ ನೀರಾಗಿ ಹೋಯಿತು ಎಂದು ಹೆದರಿ ಅಂದಿನಿಂದ ಗುಲಾಬಿ ಗುಳಿಗೆ ಬಿಟ್ಟರಂತೆ. ಸೋಮವ್ವನಿಗೆ ಎಲ್ಲ ಗೊತ್ತಿತ್ತು.

“ಗೊತ್ತಿದ್ದೂ ಸುಮ್ಮ ಕೂತ್ರಾ ಅತ್ತಿ?”

“ಏನ ಮಾಡ್ಲವ್ವಾ. ದಾನೂನ ಮ್ಯಾಲ ಆಣಿ ಹಾಕಿಸಿದ್ರು.”

ಆಣೆ ಹಾಕಿಸಿದ್ದು ಯಾರ ಮೇಲೆಯೋ, ಕೊನೆಗೆ ಆ ಗುಳಿಗೆ ನುಂಗಲು ಹೊರಟವಳೂ ಅವಳೇ. ಸ್ನೇಹಲ್‌ಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಎರಡನ್ನೂ ಬದಿಗಿಟ್ಟು ಆಸ್ಪತ್ರೆಗೆ ಫೋನ್ ಮಾಡಿದಳು. ಡಾಕ್ಟರ್ ರಾಧಿಕಾ ಮೊದಲು ಮಗುವಿನ ಬಗ್ಗೆ ಕೇಳಿ, ಗುಳಿಗೆ ಹೊರಗೆ ಬಂದಿದೆಯಲ್ಲ, ಹೆದರಬೇಡಿ, ಆದರೂ ಅವಳನ್ನೂ ಕರೆತನ್ನಿ, ಮಕ್ಕಳ ಡಾಕ್ಟರಿಗೆ ತೋರಿಸೋಣ ಎಂದರು. ಮಾವನ ವಿಷಯ ಹೇಳಿದಾಗ ಅವರ ದನಿಯಲ್ಲಿದ್ದ ತಾಳ್ಮೆ ಹೋಯಿತು. ಜಾಳಿ ಹಾಕಿ ಇನ್ನೂ ಮೂರು ತಿಂಗಳು. ಅದರ ಮೇಲೆ ನಾಳದ ಒಳಚರ್ಮ ಪೂರ್ತಿ ಬೆಳೆದು ಮುಚ್ಚುವವರೆಗೆ ಅದು ರಕ್ತಕ್ಕೆ ಪರಕೀಯ ಲೋಹ. ಗುಳಿಗೆ ಇಲ್ಲದಿದ್ದರೆ ಯಾವ ಗಳಿಗೆಯಲ್ಲಾದರೂ ರಕ್ತ ಅಲ್ಲಿ ಹೆಪ್ಪುಗಟ್ಟಿ, ಜಾಳಿ ಒಮ್ಮೆಲೇ ಮುಚ್ಚಿಹೋಗಬಹುದು. ಹಾಗಾದರೆ ಆಸ್ಪತ್ರೆ ಮುಟ್ಟುವುದೂ ಕಷ್ಟ. ನಾಳೆ ನಾಡಿದ್ದು ಬೇಡ, ಈಗಲೇ ಕರೆತನ್ನಿ ಎಂದು ಫೋನ್ ಇಟ್ಟರು.

ಮಾವ ಬರುವುದಿಲ್ಲ ಎಂದರು. ಎದೆನೋವಿಲ್ಲ, ಉಬ್ಬಸವಿಲ್ಲ, ಗುಳಿಗೆ ಬಿಟ್ಟ ಮೇಲೆ ಇನ್ನೂ ಆರಾಮ ಇದ್ದೇನೆ, ಈ ಮಳೆಯಲ್ಲಿ ಯಾಕೆ ಎಂದರು. ಅತ್ತೆ ಕೈ ಮುಗಿದರು. ಈಶ್ವರನಿಗೆ ಫೋನ್ ಹೋಗಲಿಲ್ಲ. ಪಾಳಿ ಮುಗಿಯುವವರೆಗೆ ಅವನ ಫೋನು ಫ್ಯಾಕ್ಟರಿಯ ಲಾಕರಿನಲ್ಲಿರುತ್ತದೆ. ಸೋಫಾದ ಮೇಲೆ ಕಾಲು ಮಡಚಿ ಕೂತ ಆ ಮನುಷ್ಯನನ್ನು ಸೊಸೆಯಾದವಳು ಎತ್ತಿಕೊಂಡು ಹೋಗಲು ಬರುತ್ತದೆಯೇ?

“ರಕ್ತ ನೀರ ಮಾಡ್ಕೊಂಡ ಬದುಕೂದಕ್ಕಿಂತ ಸುಮ್ಮ ಇರೂದ ಚಲೋ,” ಎಂದರು ಮಾವ. “ದಪ್ಪ ಜಾಳಿ ಹಾಕಿದ್ರ ಗೋಲಿನೂ ಬೇಕಾಗತಿದ್ದಿಲ್ಲ, ಡಾಕ್ಟರೂ ಬೇಕಾಗತಿದ್ದಿಲ್ಲ. ಪತಲಾ ಹಾಕಿ ಈಗ ನನಗ ಹೆದರಸ್ತಾರ.”

ದಾನುವನ್ನು ಸೊಂಟದಲ್ಲಿ ಮೇಲಕ್ಕೆಳೆದುಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಿದ್ದ ಸ್ನೇಹಲ್‌ಗೆ ಆಗ ಕೆಳಗಿನ ಗೇಟು ಕಾಣಿಸಿತು. ಗೇಟಿನ ಒಳಗೆ ಮೊಣಕಾಲಿನವರೆಗೆ ನೀರು. ಒಬ್ಬ ಹೆಂಗಸು ಸೀರೆ ಎತ್ತಿ ಹಿಡಿದು ದಾಟುತ್ತಿದ್ದಳು. ಅಲ್ಲಿ ಗಟಾರದ ಬಾಯಿಗೆ ಒಂದು ಜಾಳಿ ಇದೆ. ವರ್ಕ್‌ಶಾಪ್ ಬಿಟ್ಟುಕೊಡುವ ಮುಂಚೆ ಮಾವ ಕಟ್ಟಡದ ಹೌಸಿಂಗ್ ಸೊಸೈಟಿಗೆಂದು ತಮ್ಮ ಕೈಯಾರೆ ಮಾಡಿ ಕೂರಿಸಿದ್ದು. ಅದು ಅವರ ಕೊನೆಯ ಕೆಲಸ. ಟ್ರಕ್ಕು ಹೋದರೂ ಅಲುಗದಂಥ ಸಳಿಗಳದ್ದು. ಪ್ರತಿ ಮಳೆಗಾಲದಲ್ಲೂ ಕಸ ಅದಕ್ಕೆ ಅಡ್ಡಬಿದ್ದು ನೀರು ನಿಲ್ಲುತ್ತದೆ. ಸೊಸೈಟಿಯವರು ಹಿಂದಿನಿಂದ ಗೊಣಗುತ್ತಾರೆ, ಎದುರಿಗೆ ಗದಿಗೆಪ್ಪ ಶೇಟ್, ಏನು ಮಜಬೂತ್ ಕೆಲಸ ಎನ್ನುತ್ತಾರೆ. ಮನೆಯವರೂ ಅಷ್ಟೇ. ಆ ಜಾಳಿಯ ಬಗ್ಗೆ ಯಾರೂ ಅವರ ಮುಂದೆ ಬಾಯಿ ಬಿಟ್ಟಿರಲಿಲ್ಲ.

“ಮಾವಾ, ಇಲ್ಲಿ ಬರ್ರಿ. ಗೇಟಿನ ಜಾಳಿ ಯಾರದು?”

ಅವರು ತಿರುಗಿ ನೋಡಿದರು.

“ನಿಮ್ದು. ಹಿಂದಿನ ಗೇಟಿಗೆ ಬೇರೆಯವರು ಹಾಕಿದ್ದು ನೋಡಿ ಪತಲಾ ಮಾಲ್ ಅಂತ ನಕ್ಕಿದ್ರಿ. ಅಲ್ಲಿ ನೀರ ನಿಂತಿಲ್ಲ. ನಿಮ್ಮ ಜಾಳಿಗೆ ಇಡೀ ಏರಿಯಾದ ಕಚರಾ ಬಂದು ಅಡ್ಕೋತದ. ಸಳಿ ದಪ್ಪ ಆದಷ್ಟೂ ನೀರಿಗೆ ದಾರಿ ಕಮ್ಮಿ. ಡಾಕ್ಟರ್ ನಿಮಗ ಪತಲಾ ಹಾಕಿದ್ದು ಅದಕ್ಕ, ಮೋಸ ಮಾಡೋಕಲ್ಲ.” ಸಿಟ್ಟು ಬಂದರೆ ಅವಳ ಕನ್ನಡ ಅರ್ಧ ದಾರಿಯಲ್ಲಿ ಕೈಕೊಡುತ್ತಿತ್ತು, ಇವತ್ತು ಅದನ್ನು ಕತ್ತು ಹಿಡಿದು ಎಳೆದು ತಂದಳು. “ಆದ್ರೂ ಅದು ಹೊಸ ಲೋಖಂಡ, ಕಬ್ಬಿಣ. ಚರ್ಮ ಹತ್ತೋತನಕ ಅದಕ್ಕ ರಕ್ತ ಅಂಟ್ಕೋತದ, ಅಲ್ಲಿ ಆ ಪ್ಲಾಸ್ಟಿಕ್ ಅಂಟ್ಕೊಂಡ ಹಂಗ. ಅಂಟಬಾರದು ಅಂತ ಗೋಲಿ. ರಕ್ತ ನೀರ ಮಾಡೋದಲ್ಲ ಅದು.”

ಹೇಳಿದ ಮೇಲೆ ಅವಳಿಗೇ ಭಯವಾಯಿತು. ಸೋಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ನುಂಗಿಕೊಂಡದ್ದನ್ನು ಸೊಸೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. ಮಾವ ಎದ್ದು ಬಂದರು. ತಮ್ಮದೇ ಗ್ರಿಲ್ಲಿನ ಎರಡು ಸಳಿಗಳ ನಡುವೆ ಮುಖ ಇಟ್ಟು ಕೆಳಗೆ ನೋಡುತ್ತ ನಿಂತರು. ಡಾಕ್ಟರು ಹೇಳಿದ ಆ ಗಳಿಗೆ ಈಗಲೇ ಬಂದರೆ ಎಂದು ಅವಳು ಅವರ ಬೆನ್ನನ್ನೇ ನೋಡುತ್ತಿದ್ದಳು.

“ಛತ್ರಿ ಎಲ್ಲೈತಿ?” ಎಂದರು.

ಆಟೋ ಗೇಟಿನ ಹೊರಗೆ ನಿಂತಿತ್ತು, ಒಳಗೆ ಬರಲು ಡ್ರೈವರ್ ಒಪ್ಪಲಿಲ್ಲ. ಸ್ನೇಹಲ್ ಮಗುವನ್ನು ಹೆಗಲಿಗೆ ಹಾಕಿಕೊಂಡು ನೀರಲ್ಲಿ ನಡೆದು, ಆಟೋ ಹತ್ತಿ, ಹಿಂತಿರುಗಿ ನೋಡಿದರೆ ಮಾವ ಇಲ್ಲ. ಗಟಾರದ ಹತ್ತಿರ ಬಗ್ಗಿ, ಛತ್ರಿ ಮುಚ್ಚಿ, ಅದರ ಕೊಕ್ಕೆಯಿಂದ ಜಾಳಿಗೆ ಸಿಕ್ಕ ಪ್ಲಾಸ್ಟಿಕ್ ಚೀಲಗಳನ್ನು ಎಳೆಯುತ್ತಿದ್ದಾರೆ. ಹೃದಯದ ರೋಗಿ, ಆಸ್ಪತ್ರೆಗೆ ಹೊರಟವರು, ಮಳೆಯಲ್ಲಿ ನೆನೆಯುತ್ತ ಕಸ ತೆಗೆಯುತ್ತಿದ್ದಾರೆ. ಅವಳು ಕನ್ನಡ ಬಿಟ್ಟು ಹಿಂದಿಯಲ್ಲಿ ಕೂಗಿದಳು, ಮರಾಠಿಯಲ್ಲಿ ಕೂಗಿದಳು. ಡ್ರೈವರ್ ಮೀಟರಿನ ಮೇಲೆ ಬೆರಳಾಡಿಸಿದ.

“ಸುಮ್ನಿರ ಯವ್ವಾ, ನೀರ ಹೋಗಲಿ.”

ಚೀಲ ಕಿತ್ತು ಬಂತು. ನೀರು ಗುಳುಗುಳು ಎಂದು ಇಳಿಯತೊಡಗಿತು. ಅವರು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ವೇಫರ್ಸಿನ ಖಾಲಿ ಪೊಟ್ಟಣವೊಂದು ತೇಲಿ ಬಂದು ಅದೇ ಸಳಿಗೆ ಅಂಟಿ ಕೂತಿತು. ಅದರ ಹಿಂದೆ ಒಂದು ಎಲೆ, ಎಲೆಯ ಹಿಂದೆ ಇನ್ನೊಂದು ಚೀಲ. ಮಾವ ಅದನ್ನು ನೋಡಿದರು. ತೆಗೆಯಲಿಲ್ಲ. ಬಂದು ಆಟೋದಲ್ಲಿ ಕೂತು, ದಾನುವನ್ನು ತೊಡೆಗೆ ಎಳೆದುಕೊಂಡರು.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು, ಒಂದು ಹಿಡಿ ಗುಳಿಗೆಗಳನ್ನು ಡಾಕ್ಟರ್ ರಾಧಿಕಾ ತಾವೇ ನಿಂತು ನುಂಗಿಸಿದರು. ಸಂಜೆಯವರೆಗೆ ಇಟ್ಟುಕೊಂಡರು. ಈ ಸಲ ಬಚಾವಾದಿರಿ ಎಂದರು. ದಾನುವಿಗೆ ಏನೂ ಆಗಿರಲಿಲ್ಲ; ಅವಳು ಸಿಸ್ಟರಿನ ಪೆನ್ನು ಕಸಿದುಕೊಂಡು ಬಂದಿದ್ದಳು. ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ ನನಗೆ ಹೇಳಿ, ಬ್ಲೇಡು ಬಿಟ್ಟು ಮಶೀನಿನಿಂದ ಗಡ್ಡ ಮಾಡಿಕೊಳ್ಳಿ, ಆದರೆ ನೀವಾಗಿಯೇ ಗುಳಿಗೆ ಬಿಟ್ಟರೆ ನನ್ನ ಹತ್ತಿರ ಬರಬೇಡಿ ಎಂದು ಅವರು ಬೈಯುತ್ತಿದ್ದರೆ ಮಾವ ಶಾಲೆಯ ಹುಡುಗನಂತೆ ಕೇಳಿಸಿಕೊಂಡರು. ಕೊನೆಗೆ ಮಾವನದೊಂದು ಪ್ರಶ್ನೆ ಇತ್ತು. ಸಳಿ ಪತಲಾ ಇದ್ದರೆ ಅದರ ಮೇಲೆ ಚರ್ಮ ಬೇಗ ಹತ್ತುತ್ತದೆಯೇ? ಹೌದು ಕಾಕಾ, ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದೇನೆ ಎಂದರು ಡಾಕ್ಟರು. ಇಲ್ಲ, ನೀವು ಪತಲಾ ಅಂದಿರಿ, ಅಷ್ಟೇ. ಯಾಕೆ ಅಂತ ಹೇಳಲಿಲ್ಲ ಎಂದರು ಮಾವ. ಸ್ನೇಹಲ್‌ಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಡಾಕ್ಟರಿಗೂ ಹಾಗೇ ಅನಿಸಿರಬೇಕು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಈಗ ಗುಳಿಗೆಯ ಹೊತ್ತಿಗೆ ಮಾವ ದಾನುವನ್ನು ಕರೆದು, ನುಂಗಿ, ನಾಲಿಗೆ ಚಾಚಿ ತೋರಿಸುತ್ತಾರೆ. ಅವಳೂ ನಾಲಿಗೆ ಚಾಚುತ್ತಾಳೆ. ಸ್ನೇಹಲ್ ಆ ಕಡೆ ತಿರುಗುವುದಿಲ್ಲ. ಹಾಲು ಚೆಲ್ಲಿದರೆ ಚೆಲ್ಲಲಿ. ಗಾರ್ಡನ್ನಿನ ಕಟ್ಟೆಯ ಮೇಲೆ ಹೊಸ ಉಪನ್ಯಾಸ ನಡೆದಿದೆಯಂತೆ: ಜಾಳಿಯ ತಂತಿ ಯಾಕೆ ತೆಳುವಾಗಿರಬೇಕು, ರಕ್ತ ಹೇಗೆ ಸುಳಿ ತಿರುಗುತ್ತದೆ, ಗೋಲಿ ಬಿಟ್ಟವರು ಹೇಗೆ ಮೂರ್ಖರು. ಎಲ್ಲವೂ ತಾವೇ ಕಂಡುಹಿಡಿದಂತೆ. ಸೊಸೆಯ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ. ಬೇಳೆ ಪತಲಾ ಇರುವುದು ಮಾತ್ರ ಇನ್ನೂ ಬರುತ್ತದೆ.

ಗೇಟಿನ ಜಾಳಿ ಬದಲಾಯಿಸಿ ಎಂದು ಸೊಸೈಟಿಯ ಸೆಕ್ರೆಟರಿಗೆ ಅವರೇ ಹೋಗಿ ಹೇಳಿ ಬಂದರು. ಬಹಳ ವರ್ಷದಿಂದ ಹೇಳಲು ಹೆದರಿದ್ದ ಆತ ಮರುದಿನವೇ ಕೆಲಸ ಮುಗಿಸಿದ. ಆದರೆ ಮಾವನದೊಂದು ಶರತ್ತು ಇತ್ತು: ಹಳೆಯ ಜಾಳಿಯನ್ನು ಗುಜರಿಗೆ ಹಾಕಬಾರದು, ಮನೆಗೆ ಕೊಡಬೇಕು. ನಾಲ್ಕು ಜನ ಹೊತ್ತು ತಂದು, ತೊಟ್ಟಿಕ್ಕುತ್ತಿದ್ದ ಕೆಸರಿನ ಸಮೇತ, ಮನೆಯ ಪ್ಯಾಸೇಜಿನಲ್ಲಿ ಗೋಡೆಗೆ ಒರಗಿಸಿ ಹೋದರು. ದಾನುವಿನ ಮೇಲೆ ಬಿದ್ದರೆ ಏನು ಗತಿ ಎಂದು ಸ್ನೇಹಲ್ ಅದಕ್ಕೆ ಹಗ್ಗ ಕಟ್ಟಿಸಿದ್ದಾಳೆ, ಅಂಚಿಗೆ ಹಳೆಯ ಚಾದರ ಸುತ್ತಿದ್ದಾಳೆ. ಆದರೂ ಅವಸರದಲ್ಲಿ ಓಡಾಡುವಾಗ ಅವಳ ಕಾಲ್ಬೆರಳು ಹೋಗಿ ಅದಕ್ಕೇ ಬಡಿಯುತ್ತದೆ. ಅವಳು ಆಯಿ ಎಂದು ಕಾಲು ಹಿಡಿದು ಕೂತಾಗ ಒಳಗಿನಿಂದ ಮಾವನ ದನಿ ಬರುತ್ತದೆ.

“ನೋಡ್ಕೊಂಡ ಅಡ್ಡಾಡ ಯವ್ವಾ. ಅದು ಪತಲಾ ಮಾಲಲ್ಲ.”